ಉಗ್ರಾಣದ ಬೀಗ, ಮೂರು ಪ್ರಶ್ನೆ

ಅಮಲ್ದಾರ್ ಶಾಮರಾಯರ ಮನೆಯ ಉಗ್ರಾಣದಲ್ಲಿದ್ದ ರವೆಉಂಡೆಯೆಲ್ಲ ಒಂದೇ ಮಧ್ಯಾಹ್ನದಲ್ಲಿ ಮಾಯವಾಗಿತ್ತು. ವೈದ್ಯರು ರಾಯರಿಗೆ ಸಿಹಿ ಬಿಡಿಸಿದ್ದರು. ಹಾಗಾಗಿ ಅನುಮಾನವೆಲ್ಲ ಅಡುಗೆಯ ವಾಸಣ್ಣನ ಮೇಲೆ ಬಿತ್ತು.

ರಾಯರು ಹೆಂಡತಿಯ ಎದುರಿಗೇ ಗುಡುಗಿದರು. "ಕಳ್ಳ ನೀನಲ್ಲದಿದ್ದರೆ ಮತ್ಯಾರು? ಮೂರು ಪ್ರಶ್ನೆ ಕೇಳು. ಹೌದು, ಇಲ್ಲ ಅಂತ ಮಾತ್ರ ಹೇಳ್ತೀನಿ. ಅಷ್ಟರಲ್ಲಿ ಕಂಡುಹಿಡಿಯದಿದ್ದರೆ ಗಂಟುಮೂಟೆ ಕಟ್ಟು!"

ವಾಸಣ್ಣ ಕೈ ಒರೆಸಿಕೊಂಡ. "ಬೀಗ ಒಡೆದಿತ್ತೇ, ಸ್ವಾಮಿ?"

"ಇಲ್ಲ."

"ಬೀಗದಕೈ ದಿನವೆಲ್ಲ ತಮ್ಮ ಸೊಂಟದಲ್ಲೇ ಇತ್ತೇ?"

"ಹೌದು! ಇನ್ನೊಬ್ಬರ ಕೈಗೆ ಕೊಡೋನಲ್ಲ ನಾನು."

"ಹಾಗಾದರೆ ಕಳ್ಳ ಯಾರು ಅಂತ ಅಮ್ಮಾವ್ರಿಗೆ ಹೇಳಿಬಿಡಲೇ?"

ರಾಯರು ಸೊಂಟದ ಬೀಗದಕೈಯನ್ನು ಮುಚ್ಚಿಕೊಂಡರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಬೇಡ," ಅಂದರು.

"ವಾಸಣ್ಣ, ನೀನು ಒಳಗೆ ಹೋಗಪ್ಪ, ಸಾರು ಉಕ್ಕೀತು," ಅಂದರು ಅಮ್ಮಾವ್ರು. "ಇನ್ನು ಇವರನ್ನು ಕೇಳೋ ಸರದಿ ನನ್ನದು."