ಕತ್ತಲೆ ಕೋಣೆಯ ಗಡಿಯಾರ

ಜನ ಯಾವುದಕ್ಕೆ ದುಡ್ಡು ಕೊಡುತ್ತಾರೋ ಅದು ಅವರಿಗೆ ಬೇಕಾಗಿದೆ ಎಂದು ಆಗ ಎಲ್ಲರೂ ನಂಬಿದ್ದರು. ಶಿಷ್ಯನೂ ನಂಬಿದ್ದ. ಹಾಗಾಗಿ ಅವನ ಪ್ರಶ್ನೆಯಲ್ಲಿ ಪ್ರಶ್ನೆ ಕಡಿಮೆ ಇತ್ತು, ಸಂಭ್ರಮ ಹೆಚ್ಚಿತ್ತು.

“ಗುರುಗಳೇ, ನಮ್ಮ ಪೇಟೆಯ ಗರಡಿಮನೆಯನ್ನು ಮತ್ತೆ ತೆರೆಯಬೇಕೆಂದಿದ್ದೇನೆ. ಬಾಯಿಬಿಟ್ಟಿದ್ದೇ ತಡ, ಅಂಗಡಿಯವರು, ಡಾಕ್ಟರು, ವಕೀಲರು, ಎಲ್ಲರೂ ಧಾರಾಳವಾಗಿ ಕೊಡುತ್ತಿದ್ದಾರೆ. ಕೊಡುವಾಗ ಕೆಲವರ ಕಣ್ಣಲ್ಲಿ ನೀರೂ ಬಂತು. ಊರಿಗೆ ಇದು ಬೇಕಾಗಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು?”

ಗುರುಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಸಾಕ್ಷಿ ಎಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರುವುದು ಅವರಿಂದ ಆಗುತ್ತಿರಲಿಲ್ಲ. ಅವರು ಹೇಳಿದ ಕತೆ ಇದು.

ಒಬ್ಬ ಎಂಜಿನಿಯರ್ ಇದ್ದ. ಅವನು ಓದುತ್ತಿದ್ದ ಕಾಲಕ್ಕೆ ಫೋಟೋ ಎಂದರೆ ಫಿಲ್ಮು, ಫಿಲ್ಮು ಎಂದರೆ ಕತ್ತಲೆ ಕೋಣೆ. ಹಾಸ್ಟೆಲಿನ ಬಚ್ಚಲಿನ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪು ಬಲ್ಬಿನ ಕೆಳಗೆ ಅವನೂ ಅವನ ಗೆಳೆಯರೂ ಚಿತ್ರ ಮಾಡುತ್ತಿದ್ದರು. ಸ್ನಾನಕ್ಕೆ ಬಂದವರು ಹೊರಗೆ ಬಕೆಟ್ ಹಿಡಿದು ನಿಂತು ಬೈಯುತ್ತಿದ್ದರು. ಒಳಗೆ ಟ್ರೇಯ ದ್ರಾವಣದಲ್ಲಿ, ಬಿಳಿಯ ಕಾಗದದ ಮೇಲೆ, ಒಂದು ಮುಖ ನಿಧಾನವಾಗಿ ಮೂಡುತ್ತಿತ್ತು. ಅದನ್ನು ಒಮ್ಮೆ ನೋಡಿದವನು ಮರೆಯುವುದಿಲ್ಲ. ಮರೆಯುವುದಿಲ್ಲ, ಅಷ್ಟೇ. ಮತ್ತೆ ಮಾಡುತ್ತಾನೆ ಎಂದು ಅದರ ಅರ್ಥವಲ್ಲ.

ಕ್ಯಾಮೆರಾ ಫೋನಿನೊಳಕ್ಕೆ ಹೋಯಿತು. ಗೆಳೆಯರೆಲ್ಲ ಕೆಂಪು ಬಲ್ಬನ್ನು ಬಿಟ್ಟರು. ಈತ ಬಿಡಲಿಲ್ಲ. ಮನೆಯ ಸಾಮಾನು ಕೋಣೆಯಲ್ಲಿ ಒಂದು ಎನ್‌ಲಾರ್ಜರ್ ಇಟ್ಟುಕೊಂಡಿದ್ದ. ಫಿಲ್ಮಿನ ಮೇಲಿರುವ ಚಿಕ್ಕ ಚಿತ್ರವನ್ನು ದೀಪದ ಬೆಳಕಿನಿಂದ ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ ಅದು. ದೀಪ ಗೊತ್ತುಪಡಿಸಿದಷ್ಟು ಹೊತ್ತು ಉರಿದು ಆರಬೇಕು. ಹೆಚ್ಚು ಉರಿದರೆ ಚಿತ್ರ ಕಪ್ಪಾಗುತ್ತದೆ, ಕಡಿಮೆಯಾದರೆ ಮುಖಕ್ಕೆ ಜೀವ ಬರುವುದಿಲ್ಲ. ಹೊತ್ತು ನೋಡಿ ದೀಪ ಆರಿಸುವ ಗಡಿಯಾರಕ್ಕೆ ಟೈಮರ್ ಎನ್ನುತ್ತಾರೆ.

ಅವನ ಟೈಮರ್ ಕೆಟ್ಟಿತು. ರಿಪೇರಿ ಮಾಡುವವರು ಇರಲಿಲ್ಲ, ಹೊಸದು ಮಾರುವವರೂ ಇರಲಿಲ್ಲ. ತಾನೇ ಒಂದನ್ನು ಮಾಡಿಕೊಂಡ. ಚೆನ್ನಾಗಿ ಬಂತು. ಇಂಥದ್ದು ಇನ್ನೂ ಎಷ್ಟು ಜನಕ್ಕೆ ಬೇಕಾಗಿದೆಯೋ ಎಂದು ಯೋಚಿಸಿದ. ಒಳ್ಳೆಯ ಯೋಚನೆಗಳು ಬರುವುದೇ ಹೀಗೆ, ತಾಳೆ ನೋಡುವುದಕ್ಕಿಂತ ಮೊದಲು.

ಒಂದೊಂದಾಗಿ ಮಾಡಿದರೆ ಗಿಟ್ಟುವುದಿಲ್ಲ. ನೂರಾರು ಒಟ್ಟಿಗೆ ಮಾಡಲು ಅವನ ಕೈಯಲ್ಲಿ ಬಂಡವಾಳ ಇರಲಿಲ್ಲ. ಅದಕ್ಕೂ ಒಂದು ದಾರಿ ಇತ್ತು. ಗಣೇಶನಿಗೆ ಚಂದಾ ಎತ್ತುವ ಹಾಗೆಯೇ, ರಸೀದಿ ಪುಸ್ತಕದ ಬದಲು ಇಂಟರ್‌ನೆಟ್ಟಿನಲ್ಲಿ ಒಂದು ಪುಟ. ಬೇಕಾದವರು ಮೊದಲೇ ಹಣ ಕಳಿಸುವುದು, ವಸ್ತು ತಯಾರಾದ ಮೇಲೆ ಅವರ ಮನೆಗೆ ಬರುವುದು. ಪುಟದ ಕೊನೆಯಲ್ಲಿ ಅವನು ತನ್ನ ಹೆಸರು ಹಾಕಿ ಬರೆದ: ಇದು ಕೆಲಸ ಮಾಡುತ್ತದೆ, ಇದು ನನ್ನ ಮಾತು.

ಹಣ ಬಂತು. ಬೇಕಾದದ್ದಕ್ಕಿಂತ ಹೆಚ್ಚೇ ಬಂತು. ಹಣದ ಜೊತೆ ನೆನಪುಗಳೂ ಬಂದವು. ಸ್ಟುಡಿಯೋದ ಕನ್ನಡಿಯ ಪಕ್ಕ ದಾರ ಕಟ್ಟಿ ನೇತುಹಾಕಿದ ಬಾಚಣಿಗೆ, ಬೆವರಿನ ಮೇಲೆ ಬಳಿದ ಪೌಡರ್, ಬೆನ್ನ ಹಿಂದೆ ಪರದೆಯ ಮೇಲೆ ಬರೆದ ಹಂಸ, ಚಿತ್ರ ತೊಳೆದ ಕೈಬೆರಳಿನಿಂದ ಹೋಗದ ಹೈಪೋ ದ್ರಾವಣದ ವಾಸನೆ. ಒಬ್ಬಾತ ತನ್ನ ಹೆಂಡತಿಯನ್ನು ಮೊದಲು ನೋಡಿದ್ದು ಅಣ್ಣನ ಕತ್ತಲೆ ಕೋಣೆಯ ಟ್ರೇಯಲ್ಲಂತೆ. ಎಂಜಿನಿಯರ್ ಒಂದನ್ನೂ ಬಿಡದೆ ಓದಿದ.

ಆಮೇಲೆ ಬೇಡಿಕೆಗಳು ಶುರುವಾದವು. ಹಳೆಯದರ ಹಾಗೆ ಟಿಕ್ ಟಿಕ್ ಎನ್ನಲಿ ಎಂದರು. ಒಳಗಿರುವುದು ಎಲೆಕ್ಟ್ರಾನಿಕ್ಸ್, ಅದಕ್ಕೆ ಟಿಕ್ ಎನ್ನುವ ಅಗತ್ಯವಿಲ್ಲ. ಆದರೂ ಟಿಕ್ ಎನ್ನಿಸಿದ. ಮುಳ್ಳುಗಳು ಕತ್ತಲೆಯಲ್ಲಿ ಹಸಿರಾಗಿ ಹೊಳೆಯಲಿ ಎಂದರು. ಹೊಳೆಯಿಸಿದ. ಹೊತ್ತು ಮುಗಿದಾಗ ಹಳೇ ಸೈಕಲ್ ಬೆಲ್ಲಿನ ಹಾಗೆ ಗಂಟೆ ಬಾರಿಸಲಿ ಎಂದರು. ಅದನ್ನೂ ಸೇರಿಸಿದ. ಎಷ್ಟು ದೊಡ್ಡ ಬಲ್ಬನ್ನು ಇದು ತಡೆದುಕೊಳ್ಳುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಟೈಮರುಗಳು ತಯಾರಾದವು. ಒಳಗಿನ ಚಿಕ್ಕ ಸ್ವಿಚ್ಚೊಂದು, ದೀಪ ಹೊತ್ತಿಸಿ ಆರಿಸುವಂಥದ್ದು, ಮೊದಲು ಬಳಸಿದ ಕಂಪನಿಯದು ಸಿಗಲಿಲ್ಲ. ನೋಡಲು ಹಾಗೆಯೇ ಇದ್ದ ಇನ್ನೊಂದನ್ನು ಹಾಕಿದ. ಮೇಜಿನ ಮೇಲೆ ಓದುವ ದೀಪ ಇತ್ತು, ಅದಕ್ಕೆ ಜೋಡಿಸಿ ಒಂದೊಂದನ್ನೂ ಪರೀಕ್ಷಿಸಿದ. ಎಲ್ಲವೂ ಸರಿ ಇದ್ದವು. ಕಳಿಸಿದ.

ಹೊಗಳಿಕೆ ಬಂತು. ಅದ್ಭುತ ಎಂದರು. ಟಿಕ್ ಟಿಕ್ ಕೇಳಿ ಅತ್ತುಬಿಟ್ಟೆ ಎಂದರು.

ಇಷ್ಟೆಲ್ಲದರ ನಡುವೆ ಅವನಿಗೇ ಕತ್ತಲೆ ಕೋಣೆಗೆ ಹೋಗಲು ಪುರುಸೊತ್ತಾಗಿರಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ, ತನಗಾಗಿ ಉಳಿಸಿಕೊಂಡಿದ್ದ ಹೊಸ ಟೈಮರನ್ನು ಎನ್‌ಲಾರ್ಜರಿಗೆ ಜೋಡಿಸಿದ. ಟಿಕ್ ಎಂದಿತು, ಹೊಳೆಯಿತು, ಗಂಟೆ ಬಾರಿಸಿತು. ದೀಪ ಆರಲಿಲ್ಲ. ಬಿಚ್ಚಿ ನೋಡಿದ. ಎನ್‌ಲಾರ್ಜರಿನ ದೊಡ್ಡ ಬಲ್ಬು ಎಳೆಯುವ ಕರೆಂಟಿಗೆ ಆ ಸ್ವಿಚ್ಚು ಕಾದು ಅಂಟಿಕೊಂಡಿತ್ತು. ಇದೊಂದೇ ಅಲ್ಲ, ಕಳಿಸಿದ್ದೆಲ್ಲದರಲ್ಲೂ ಅದೇ ಸ್ವಿಚ್ಚು.

ಅವನ ಮಾತು ಅಷ್ಟೂ ಮನೆಗಳಲ್ಲಿ ಸುಳ್ಳಾಗಿ ಕೂತಿತ್ತು. ಅವನು ಪ್ರಾಮಾಣಿಕ. ಹಣ ಕೊಟ್ಟವರೆಲ್ಲರಿಗೂ ಸಂದೇಶ ಕಳಿಸಿದ: ನನ್ನಿಂದ ತಪ್ಪಾಗಿದೆ, ಇದು ದೀಪ ಆರಿಸುವುದಿಲ್ಲ, ದಯವಿಟ್ಟು ವಾಪಸು ಕಳಿಸಿ, ಸರಿಮಾಡಿ ಕೊಡುತ್ತೇನೆ. ಬೈಗುಳಕ್ಕೆ ಸಿದ್ಧನಾಗಿ ಕಾದ.

ಬೈಗುಳ ಬರಲಿಲ್ಲ. ನಮ್ಮದು ಚೆನ್ನಾಗಿದೆ, ಚಿಂತೆ ಬೇಡ ಎಂದು ಉತ್ತರ ಬಂತು. ಅದು ಸಾಧ್ಯವೇ ಇರಲಿಲ್ಲ. ಹೊಸ ಸ್ವಿಚ್ಚುಗಳನ್ನೂ ಬೆಸುಗೆ ಕಡ್ಡಿಯನ್ನೂ ಚೀಲಕ್ಕೆ ಹಾಕಿಕೊಂಡು, ಹಣ ಕಳಿಸಿದವರಲ್ಲಿ ತನ್ನ ಊರಿನಲ್ಲೇ ಇದ್ದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರ ಮನೆಗೆ ಹೋದ.

“ಓಹೋ, ಬನ್ನಿ ಬನ್ನಿ! ಲೇ, ಯಾರು ಬಂದಿದ್ದಾರೆ ನೋಡೇ, ಟೈಮರಿನವರು!” ಎಂದರು ಮ್ಯಾನೇಜರರು. “ಕೆಟ್ಟಿದೆ ಅಂತ ಬರೆದಿದ್ದಿರಲ್ಲ, ನಮ್ಮದಕ್ಕೆ ಏನೂ ಆಗಿಲ್ಲ. ಇಡ್ಲಿಗೆ ಇದನ್ನೇ ಇಡೋದು. ಒಂದು ದಿನ ತಪ್ಪಿಲ್ಲ.”

“ಇಡ್ಲಿಗೆ?”

“ಗಂಟೆ ಹೊಡೀತು ಅಂದರೆ ಇಳಿಸೋದು. ನಮ್ಮವಳಂತೂ ನಿಮ್ಮ ಹೆಸರು ಹೇಳದೆ ಚಟ್ನಿ ಬಡಿಸೋದಿಲ್ಲ.”

“ಸರ್, ನಿಮ್ಮ ಎನ್‌ಲಾರ್ಜರ್?”

“ಅದಾ? ಮನೆಗೆ ಬಣ್ಣ ಹೊಡೆಸಿದಾಗ ಅಟ್ಟದಿಂದ ಇಳಿಸಿ ಯಾರಿಗೋ ಕೊಟ್ಟೆ. ಎಷ್ಟೋ ವರ್ಷ ಆಯಿತು.”

“ಮತ್ತೆ ಟೈಮರಿಗೆ ಯಾಕೆ ಸರ್ ಹಣ ಕಳಿಸಿದಿರಿ?”

ಮ್ಯಾನೇಜರರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅಯ್ಯೋ, ಅಂಥದ್ದೊಂದು ಪ್ರಪಂಚದಲ್ಲಿ ಇರಬೇಡವೇ ಸ್ವಾಮಿ?”

ಇನ್ನೂ ಕೆಲವು ಮನೆಗಳಿಗೆ ಹೋದ. ಎಲ್ಲೆಡೆ ಕಾಫಿ ಸಿಕ್ಕಿತು. ಟೈಮರ್ ಷೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಪಕ್ಕದಲ್ಲಿತ್ತು, ಇಲ್ಲವೇ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಚೀಲ ಬಿಚ್ಚುವ ಸಂದರ್ಭ ಬರಲಿಲ್ಲ. ತಪ್ಪು ಎಲ್ಲರ ಮನೆಯಲ್ಲೂ ಇತ್ತು, ತಪ್ಪು ತಗುಲಿದವರು ಯಾರೂ ಇರಲಿಲ್ಲ. ಸುಲಭವಾಗಿ ಪಾರಾದೆ ಎಂದು ಇನ್ನೊಬ್ಬನಾದರೆ ಹಿಗ್ಗುತ್ತಿದ್ದ. ಈತ ಸೊರಗಿದ. ಸುಳ್ಳಾಡಿದೆ ಎಂಬುದಕ್ಕಿಂತ, ಆಡಿದ್ದನ್ನು ಯಾರೂ ಕೇಳಿಸಿಕೊಂಡೇ ಇರಲಿಲ್ಲ ಎಂಬುದು ಹೆಚ್ಚು ಚುಚ್ಚಿತು. ಎನ್‌ಲಾರ್ಜರನ್ನು ಮಾರಿಬಿಡುತ್ತೇನೆ ಎಂದು ಹೆಂಡತಿಗೆ ಹೇಳಿದ. ಕೊಳ್ಳುವವರು ಯಾರು ಎಂದು ಆಕೆ ಕೇಳಿದಳು.

ಆಗ ಒಂದು ಫೋನ್ ಬಂತು.

“ಏನ್ರೀ, ಈ ಗಡಿಯಾರ ಮಾಡಿದ ಮಹಾಶಯರು ನೀವೇನಾ?” ಎಂದಿತು ಒಂದು ಹೆಣ್ಣು ದನಿ.

“ಹೌದಮ್ಮ.”

“ಗಂಟೆ ಬಾರಿಸುತ್ತೆ, ದೀಪ ಆರಿಸೋದಿಲ್ಲ. ಗಂಟೆ ಬಾರಿಸೋಕೆ ನಮ್ಮೂರಲ್ಲಿ ದೇವಸ್ಥಾನ ಇದೆ, ನೀವು ಬೇಕಾಗಿರಲಿಲ್ಲ. ಹಾಳೆಯೆಲ್ಲ ಮಸಿ ಹಿಡಿದು ಕೂತಿದೆ. ಇನ್ನು ಉಳಿದಿರೋದು ಒಂದೇ ಒಂದು ಹಾಳೆ.”

“ನನ್ನ ಸಂದೇಶ ಬರಲಿಲ್ಲವೇ ಅಮ್ಮ?”

“ಯಾವ ಸಂದೇಶ? ತಳದಲ್ಲಿ ನಂಬರ್ ಅಚ್ಚು ಹಾಕಿಸಿದ್ದೀರಿ, ಮಾಡಿದೆ.”

ಆಕೆ ದೂರದ ಒಂದು ಜಂಕ್ಷನ್ ಊರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಳು. ಗಂಡ ತೀರಿಕೊಂಡಿದ್ದ, ಅವನು ತೆಗೆದ ಫಿಲ್ಮುಗಳು ಉಳಿದಿದ್ದವು. ಆ ಊರಿನಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ಹೋದರೆ, ಗೋಡೆಗೆ ಹಾಕಲು ಫೋಟೋ ಇಲ್ಲದಿದ್ದರೆ, ಜನ ಆಕೆಯ ಬಳಿಗೆ ಬರುತ್ತಿದ್ದರು. ಯಾವುದೋ ಮದುವೆಯ ಗುಂಪಿನಿಂದ ಆ ಒಂದು ಮುಖವನ್ನು ಆಕೆ ದೊಡ್ಡದು ಮಾಡಿ ಕೊಡುತ್ತಿದ್ದಳು. ಈ ಸಲ ಹೋದವರು ಹೈಸ್ಕೂಲಿನ ಜವಾನರು. ಬದುಕಿನಲ್ಲಿ ಅವರ ಫೋಟೋ ತೆಗೆದದ್ದು ಒಮ್ಮೆ, ಶಾಲೆಯ ಗ್ರೂಪಿನಲ್ಲಿ, ಹಿಂದಿನ ಸಾಲಿನಲ್ಲಿ. ಕಂಪ್ಯೂಟರಿನವನು ಅದನ್ನು ತಿದ್ದಿ ತೀಡಿ ಬೆಳ್ಳಗೆ ಮಾಡಿಕೊಟ್ಟಿದ್ದ. ಇದು ನಮ್ಮಪ್ಪ ಅಲ್ಲ ಎಂದು ಮಗಳು ವಾಪಸು ಮಾಡಿದ್ದಳು. ಉತ್ತರಕ್ರಿಯೆ ನಾಡಿದ್ದು ಇತ್ತು.

“ಸದ್ಯಕ್ಕೆ ದೀಪ ಕೈಯಲ್ಲೇ ಆರಿಸಬಹುದಲ್ಲ ಅಮ್ಮ?” ಎಂದ ಎಂಜಿನಿಯರ್.

“ಯಾವ ಕೈಯಲ್ಲಿ? ಈ ಪಕ್ಕ ಹೆಡ್‌ಮಾಸ್ತರ ಕಿವಿ ಬರುತ್ತೆ, ಅದನ್ನ ಒಂದು ರಟ್ಟಿನಿಂದ ಮರೆ ಮಾಡಬೇಕು. ಆ ಪಕ್ಕ ಡ್ರಿಲ್ ಮಾಸ್ತರ ಭುಜ, ಅದಕ್ಕೊಂದು ರಟ್ಟು. ದೀಪ ಉರಿಯೋವಷ್ಟು ಹೊತ್ತೂ ಎರಡು ಕೈಯೂ ಆಡ್ತಾ ಇರಬೇಕು. ಮೂರನೇ ಕೈ ದೇವರು ಕೊಟ್ಟಿಲ್ಲ ಅಂತ ತಾನೇ ನಿಮ್ಮಂಥೋರು ಗಡಿಯಾರ ಮಾಡೋದು?”

ಬೈಸಿಕೊಂಡು ಹಿಗ್ಗುವ ಗಂಡನನ್ನು ಅವನ ಹೆಂಡತಿ ಅಂದೇ ಮೊದಲು ನೋಡಿದ್ದು. ಮಧ್ಯಾಹ್ನದ ರೈಲಿಗೆ ಅವನು ಚೀಲ ಹಿಡಿದು ಹೊರಟ.

ಸ್ಟುಡಿಯೋದ ಬೆಂಚಿನ ಮೇಲೆ ಜವಾನರ ಮಗಳು ಕೂತಿದ್ದಳು. ಅವನು ಟೈಮರನ್ನು ಬಿಚ್ಚಿ ಸ್ವಿಚ್ಚು ಬದಲಿಸಿದ. ಸ್ಟುಡಿಯೋದಾಕೆ ಪಕ್ಕದಲ್ಲೇ ನಿಂತು, ಇದನ್ನು ಮೊದಲೇ ಹಾಕಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು ಎಂದು ಕೇಳಿದಳು. ಅವನು ತಿರುಪು ಬಿಗಿದ. ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೆಂಪು ಬೆಳಕಿನಲ್ಲಿ ಆಕೆ ಕೊನೆಯ ಹಾಳೆಯನ್ನು ಇಟ್ಟು ಎರಡೂ ಕೈಗಳಲ್ಲಿ ರಟ್ಟು ಹಿಡಿದಳು. ದೀಪ ಹೊತ್ತಿತು. ಕೈಗಳು ಆಡಿದವು. ಗಂಟೆ ಬಾರಿಸಿತು, ದೀಪ ಆರಿತು.

ಹಾಳೆಯನ್ನು ಟ್ರೇಗೆ ಇಳಿಸಿದಳು. ಸ್ವಲ್ಪ ಹೊತ್ತು ಅದು ಬರೀ ಬಿಳುಪಾಗಿತ್ತು. ಆಮೇಲೆ ಹುಬ್ಬು ಬಂತು, ಮೀಸೆ ಬಂತು, ಗುಂಡಿ ಕಿತ್ತುಹೋದ ಕಾಲರ್ ಬಂತು. ಇವತ್ತಾದರೂ ತನ್ನ ಕಡೆ ನೋಡುತ್ತಾರೇನೋ ಎಂಬಂತೆ ಕ್ಯಾಮೆರಾದತ್ತ ನೇರ ನೋಡುತ್ತಿದ್ದ ಎರಡು ಕಣ್ಣು ಬಂದವು. ಎಂಜಿನಿಯರಿಗೆ ಹಾಸ್ಟೆಲಿನ ಬಚ್ಚಲು ನೆನಪಾಯಿತು. ಹೊರಗೆ ಬಕೆಟ್ ಹಿಡಿದು ಬೈಯುತ್ತಿದ್ದವರೂ ನೆನಪಾದರು.

ಆಕೆ ಬಾಗಿಲಿನತ್ತ ತಿರುಗಿ, ಬೆಂಚಿನ ಮೇಲಿದ್ದವಳಿಗೆ ಕೂಗಿ ಹೇಳಿದಳು: “ಬಂದರು ಕಣಮ್ಮ.”

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. “ಗೊತ್ತಾಯಿತು ಗುರುಗಳೇ. ಹಣ ಕೊಟ್ಟವರು ನೂರಾರು ಜನ ಇರಬಹುದು, ಅವರಲ್ಲಿ ನಿಜವಾಗಿ ಬೇಕಿದ್ದದ್ದು ಆಕೆ ಒಬ್ಬಳಿಗೆ. ಆದರೂ ಆ ಒಬ್ಬಳು ಕೊಟ್ಟದ್ದು ಸಾರ್ಥಕವಾಯಿತಲ್ಲ.”

“ಆಕೆ ಕೊಟ್ಟಿರಲೇ ಇಲ್ಲ,” ಎಂದರು ಗುರುಗಳು. “ಯಾರೋ ಗುಜರಿಗೆ ಹಾಕಿದ್ದನ್ನು ಹಳೇ ಕಬ್ಬಿಣದ ತೂಕಕ್ಕೆ ಕೊಂಡಿದ್ದಳು.”