ಹೊಸ್ತಿಲಲ್ಲಿ ನಿಂತ ಪುರವಂತ

ಪರಮಪೂಜ್ಯ ನೀಲಾಂಬಿಕೆ ತಾಯಿಯವರು ಆ ವರ್ಷ ವೀರಭದ್ರನ ಗುಡಿಯ ಪಕ್ಕದ ತಗಡಿನ ಸೂರಿನಡಿ ವಾಸವಾಗಿದ್ದರು. ಅವರ ಆಸ್ತಿಯೆಂದರೆ ಒಂದು ಕಂಬಳಿ, ಒಂದು ತಂಬಿಗೆ. ಗುಡಿಯ ಅಂಗಳ ಗುಡಿಸಿ ರಂಗೋಲಿ ಹಾಕುವವರೂ ಅವರೇ. ಉಪದೇಶ ಕೇಳಲು ಹೋದವರ ಕೈಗೆ ಕಸಬರಿಗೆ ಕೊಡುತ್ತಿದ್ದರೆಂದು ಊರವರು ಇಂದಿಗೂ ನೆನೆದು ನಗುತ್ತಾರೆ.

ಅದೇ ಊರಿನ ಗುರುಶಾಂತಪ್ಪ ಪುರವಂತ. ವೀರಭದ್ರನೆದುರು ಖಡ್ಗ ಹಿಡಿದು, ಅವನ ಮಹಿಮೆ ಹೊಗಳುವ ಒಡಪು ಹೇಳುತ್ತ ಇಪ್ಪತ್ತೆಂಟು ವರ್ಷ ಕುಣಿದವನು. ಅಂಥವನ ಕೈ ಸುಮ್ಮನೆ ಕೂತಾಗ ನಡುಗತೊಡಗಿತು. ಬರಬರುತ್ತ ಹೆಜ್ಜೆ ಗಿಡ್ಡವಾಯಿತು. ಒಂದು ಸೋಮವಾರ ಗುಡಿಯ ಹೊಸ್ತಿಲ ಮುಂದೆ ಎರಡೂ ಪಾದಗಳು ನೆಲಕ್ಕೆ ಅಂಟಿಕೊಂಡವು. ಎಷ್ಟು ಮುಕ್ಕಿರಿದರೂ ಏಳಲೊಲ್ಲವು.

"ಒಳಗ ಬರಬ್ಯಾಡಂತ ಸ್ವಾಮೀನ ನಿನ್ನ ಕಾಲು ಹಿಡದಾನ. ಏನ್ ಪಾಪ ಮಾಡೀಯೋ, ನೆನಪು ಮಾಡ್ಕೊ," ಎಂದ ಪೂಜಾರಿ ಮುರುಘಯ್ಯ.

ಅಂದಿನಿಂದ ಗುರುಶಾಂತಪ್ಪನಿಗೆ ಊಟ ಸೇರದು, ನಿದ್ದೆ ಹತ್ತದು. ಪಾಪ ಹುಡುಕಿ ಹುಡುಕಿ ಹಣ್ಣಾದ. ಚಿಕ್ಕಂದಿನಲ್ಲಿ ಕದ್ದ ಸೌತೆಕಾಯಿ, ತಮ್ಮನಿಗೆ ಕೊಟ್ಟ ಏಟು, ಎಲ್ಲವನ್ನೂ ಒಪ್ಪಿಕೊಂಡು ಮತ್ತೆ ಬಂದ. ಕಾಲು ಏಳಲಿಲ್ಲ. ಕಡೆಗೆ ಮಾಡದ ಪಾಪವನ್ನೂ ಒಪ್ಪಿಕೊಳ್ಳತೊಡಗಿದ. ಜ್ವರದಲ್ಲಿ ತೀರಿಹೋದ ಹೆಂಡತಿಯನ್ನು ತಾನೇ ಕೊಂದೆನೆಂದು ಎದೆ ಬಡಿದುಕೊಂಡ. ಅವಳನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದ್ದನ್ನು ಊರೆಲ್ಲ ಕಂಡಿತ್ತು! ಹೆದರಿದವನಿಗೆ ಹಗ್ಗವೂ ಹಾವೇ.

ಒಂದು ಮುಂಜಾನೆ ಅವನು ಹೊಸ್ತಿಲಿಂದ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟ. ಮೈಯೆಲ್ಲ ಬೆವರು. ಕಸ ಗುಡಿಸುತ್ತಿದ್ದ ತಾಯಿಯವರನ್ನು ಕಂಡು ಕೇಳಿದ, "ಯವ್ವಾ, ಸತ್ತ ಮ್ಯಾಲೂ ಸ್ವಾಮಿ ನನ್ನ ಹಿಂಗ ಹೊರಗ ನಿಲ್ಲಸ್ತಾನೇನ್ರಿ?"

ತಾಯಿಯವರು ಕಸಬರಿಗೆ ಕೆಳಗಿಟ್ಟರು. ಅವನ ಪಾದಗಳನ್ನೇ ಬಹಳ ಹೊತ್ತು ನೋಡಿದರು. ಬಳಿಕ ರಂಗೋಲಿಯ ಬಟ್ಟಲು ತಂದು ಅವನ ಕಾಲ ಮುಂದೆ ಅಡ್ಡಲಾಗಿ ಒಂದು ಗೆರೆ ಎಳೆದರು, ಮೊಳ ಬಿಟ್ಟು ಇನ್ನೊಂದು, ಹಾಗೆಯೇ ಹೊಸ್ತಿಲ ತನಕ, ಅದರಾಚೆಗೂ.

"ರಂಗೋಲಿ ತುಳೀಬ್ಯಾಡಪಾ. ದಾಟಿ ಬಾ," ಎಂದರು.

ರಂಗೋಲಿ ತುಳಿಯಬಾರದೆಂದು ಹಡೆದವ್ವ ಕಲಿಸಿದ್ದಳು. ಗುರುಶಾಂತಪ್ಪ ಗೆರೆ ನೋಡಿದ. ಬಲಗಾಲು ಎದ್ದಿತು! ಒಂದು ಗೆರೆ, ಎರಡು, ಮೂರು. ಹೊಸ್ತಿಲು ದಾಟಿದ್ದೇ ಸ್ವಾಮಿಯ ಮುಂದೆ ಕುಸಿದು ಕೂಸಿನಂತೆ ಅತ್ತ.

ಮುರುಘಯ್ಯ "ಪವಾಡ!" ಎಂದು ಕೂಗಿ ತಾಯಿಯವರ ಕಾಲಿಗೆರಗಿದ. ತಾಯಿಯವರು ಸಿಡುಕಿದರು.

"ಏಳ ಮ್ಯಾಲೆ. ಇದು ಜಡ್ಡು, ತಲಿಯೊಳಗಿನ ಜಡ್ಡು. ನಮ್ಮಪ್ಪಗೂ ಇತ್ತು, ಮುಂದ ಗೆರಿ ಕಂಡ್ರ ಅವನ ಕಾಲೂ ಹಿಂಗ ಏಳತಿತ್ತು. ಪಾಪ ಮಾಡಿದವರ ಕಾಲು ಸ್ವಾಮಿ ಹಿಡಿಯೋಹಂಗಿದ್ರ ಈ ಗುಡಿಯೊಳಗ ನೀನೂ ಇರ್ತಿರಲಿಲ್ಲ, ನಾನೂ ಇರ್ತಿರಲಿಲ್ಲ. ಇವನ್ನ ದವಾಖಾನಿಗೆ ಕರಕೊಂಡು ಹೋಗು."

ಜಡ್ಡು ವಾಸಿಯಾಗಲಿಲ್ಲ. ಔಷಧದಿಂದ ತುಸು ತಗ್ಗಿತು, ಅಷ್ಟೇ. ಆದರೆ ಗುರುಶಾಂತಪ್ಪ ಮತ್ತೆಂದೂ ಪಾಪ ಹುಡುಕಲಿಲ್ಲ. ಕಾಲು ನಿಂತಲ್ಲೇ ನಿಂತು, "ಯಾರರೆ ಬಂದು ಒಂದ್ ಗೆರಿ ಎಳೀರಪಾ," ಎಂದು ಕೂಗುತ್ತಿದ್ದ. ಎಲ್ಲರಿಗಿಂತ ಮೊದಲು ಓಡಿ ಬರುತ್ತಿದ್ದವನು ಮುರುಘಯ್ಯ.