ಗವಿರಂಗ ಪೆಡಲು ತಂದ ಕತೆ

ಕೇಳ್ರಪ್ಪಾ ಕೇಳಿ, ನಗು ಬಂದರೆ ನಗಿ, ಆದರೆ ಅವರವ್ವನ ಮುಂದೆ ಮಾತ್ರ ನಗಬೇಡಿ. ಅರಸೀಕೆರೇಲಿ ಚೆನ್ನಾಜಮ್ಮ ಅಂತ ಒಬ್ಬಳು. ಅವಳಿಗೆ ಗವಿರಂಗ ಅಂತ ಒಬ್ಬನೇ ಮಗ. ಗಿಟಾರು ಹಿಡಿದರೆ ಬೆರಳು ಚುರುಕು, ಕೆಳಗಿಟ್ಟರೆ ತಲೆ ಖಾಲಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಕೂದಲೂ ಆಚೀಚೆ ಇಲ್ಲ. ಇವನನ್ನ ಹೇಗಪ್ಪಾ ದಡ ಸೇರಿಸೋದು ಅಂತ ಅವಳಿಗೆ ಕೂತಲ್ಲಿ ಕೂರೋಕಾಗದು, ನಿಂತಲ್ಲಿ ನಿಲ್ಲೋಕಾಗದು.

ಆರ್ಕೆಸ್ಟ್ರಾ ನಡೆಸೋ ನಿಂಗರಾಜಣ್ಣನ ಮನೆಗೆ ಅಲೆದೂ ಅಲೆದೂ ಕೊನೆಗೆ ಮಗನನ್ನ ಸೇರಿಸ್ಕೊಳ್ಳೋಕೆ ಒಪ್ಪಿಸಿದಳು.

"ಭಾನುವಾರ ಮದುವೆ ರಿಸೆಪ್ಷನ್ ಇದೆ, ಬಾರಯ್ಯ," ಅಂದ ನಿಂಗರಾಜಣ್ಣ. "ಬರೀ ಗಿಟಾರು ಸಾಲದು. ಡಿಸ್ಟಾರ್ಷನ್ ಪೆಡಲು ತಗೋ. ಕಾಲಲ್ಲಿ ಒತ್ತಿದರೆ ಗಿಟಾರು ಗುರ್ರ್ ಅನ್ನಬೇಕು! ಚೆನ್ನಾಗಿ ನುಡಿಸಿದರೆ ನೀನು ನಮ್ಮವನು. ಇಲ್ಲದಿದ್ರೆ ನಿನ್ನ ಪಾಲನ್ನೂ ಕೀಬೋರ್ಡಿನವನೇ ನುಡಿಸ್ತಾನೆ. ಇನ್ನೊಂದು ಮಾತು! ಸದ್ದಿಲ್ಲದ ಕಡೆ ಎಲ್ಲಾ ಪೆಡಲೂ ಚೆಂದವೇ. ಗದ್ದಲದ ಮಧ್ಯೆ ನುಡಿಸಿ ನೋಡಿ ತಗೋ!"

ಗುರುವಾರ ಗವಿರಂಗ ಅಂಗಡಿಗೆ ಓಡಿದ. ಗಿಟಾರಿಗೆ ಪೆಡಲು ಸಿಕ್ಕಿಸಿದ. ಅಂಗಡೀಲಿ ಗದ್ದಲವೇ ಇಲ್ಲ! ಏನು ಮಾಡೋದು? ಪಕ್ಕದಲ್ಲಿ ಒಬ್ಬರು ತಬಲಾ ನೋಡ್ತಿದ್ದರು. "ಸ್ವಾಮಿ, ಈ ಅಂಗಡಿ ಸಾಹುಕಾರರು ನಿಮ್ಮನ್ನ ಕಳ್ಳ ಅಂದರು," ಅಂದ. ಸಾಹುಕಾರರ ಹತ್ರ ಹೋಗಿ, "ಇವರು ನಿಮ್ಮನ್ನ ಮೋಸಗಾರ ಅಂದರು," ಅಂದ. ಹತ್ತಿಕೊಂಡಿತು ನೋಡಿ ಜಗಳ! ಅವರು "ಯಾರಯ್ಯ ಕಳ್ಳ?" ಇವರು "ಯಾರಯ್ಯ ಮೋಸಗಾರ?" ನಡುವೆ ನಿಂತು ಇವನು ಗುರ್ರ್! "ಕೇಳಿಸ್ತದೆ! ಸ್ವಾಮಿ, ಕೇಳಿಸ್ತದೆ! ಇದನ್ನೇ ಕೊಡಿ!" ಇಬ್ಬರೂ ಸೇರಿ ಕತ್ತು ಹಿಡಿದು ಆಚೆ ದಬ್ಬಿದರು.

"ಅಯ್ಯೋ ನನ್ನ ಕರ್ಮವೇ!" ಅಂದಳು ಚೆನ್ನಾಜಮ್ಮ. "ಅಂಗಡೀಲಿ ಬಾಯಿ ಮುಚ್ಕೊಂಡಿರಬಾರದೇನ್ಲಾ? ಏನು ಕೇಳಿದರೂ ಹೂಂ ಅನ್ನು, ಕೊಟ್ಟಿದ್ದು ಹಿಡ್ಕೊಂಡು ಬಾ!"

"ಹಂಗೇ ಆಗ್ಲಿ ಕಣವ್ವ."

ಶುಕ್ರವಾರ ಇನ್ನೊಂದು ಅಂಗಡಿ. "ಏನಪ್ಪಾ, ಭಜನೆಗಾ?" "ಹೂಂ." "ಶ್ರುತಿಪೆಟ್ಟಿಗೆ ಕೊಡ್ಲಾ?" "ಹೂಂ." "ಇಷ್ಟೇನಾ?" "ಹೂಂ." ಶ್ರುತಿಪೆಟ್ಟಿಗೆ ಹೊತ್ತು ತಂದು ನಡುಮನೇಲಿಟ್ಟ. ಕಾಲಲ್ಲಿ ಒತ್ತಿದ. ಗುರ್ರೂ ಇಲ್ಲ, ಗಿರ್ರೂ ಇಲ್ಲ. ಇನ್ನೊಂದು ಸಲ ತುಳಿದ.

ಚೆನ್ನಾಜಮ್ಮ ಹೌಹಾರಿದಳು. "ಸರಸ್ವತೀನ ತುಳೀತೀಯೇನ್ಲಾ? ವಾದ್ಯಕ್ಕೆ ಕಾಲು ತಗುಲಿದರೆ ತಕ್ಷಣ ಮುಟ್ಟಿ ಕಣ್ಣಿಗೊತ್ಕೋಬೇಕು. ಒಂದು ಸಲ ಮರೆತರೂ ಕಲಿತದ್ದೆಲ್ಲ ಕೈ ಬಿಟ್ಟೋಗ್ತದೆ!"

"ಮರೆಯಲ್ಲ ಕಣವ್ವ!"

ಉಳಿದಿದ್ದು ಒಂದೇ ದಿನ. ಶನಿವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಚೆನ್ನಾಜಮ್ಮ ತಾನೇ ಹೋಗಿ ನಿಂತಳು. ಕೈಮುಗಿದು, ಕಾಡಿಬೇಡಿ, ಶ್ರುತಿಪೆಟ್ಟಿಗೆ ವಾಪಸ್ ಕೊಟ್ಟು ಪೆಡಲು ತಂದಳು. ಸದ್ಯ, ಗೆದ್ದೆ ಅಂದುಕೊಂಡಳು, ಪಾಪ.

ಭಾನುವಾರ ಕಲ್ಯಾಣಮಂಟಪ ತುಂಬಿತ್ತು. ಮುಂದಿನ ಸಾಲಲ್ಲಿ ಚೆನ್ನಾಜಮ್ಮ ಸೆರಗು ಹಿಂಡ್ತಾ ಕೂತಿದ್ದಳು. ಹಾಡು ಶುರುವಾಯ್ತು. ಗವಿರಂಗ ಪೆಡಲು ಒತ್ತಿದ. ಗುರ್ರ್! ಉಣ್ತಿದ್ದವರೆಲ್ಲ ತಿರುಗಿ ನೋಡಿದರು. ನಿಂಗರಾಜಣ್ಣ ಭೇಷ್ ಅಂತ ತಲೆ ಆಡಿಸಿದ. ಚೆನ್ನಾಜಮ್ಮನಿಗೆ ಕಣ್ಣು ತುಂಬಿ ಬಂತು, ಅಂಥಾ ಸಂತೋಷ ಅವಳು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಗಿಟಾರು ನಿಂತೇ ಹೋಯ್ತು. ಗವಿರಂಗ ಬಗ್ಗಿ, ಪೆಡಲು ಮುಟ್ಟಿ, ಕಣ್ಣಿಗೊತ್ಕೋತಿದ್ದಾನೆ! ಎದ್ದು ನಿಲ್ಲೋದರಲ್ಲಿ ಹಾಡಲ್ಲಿ ಅವನು ನುಡಿಸೋ ಜಾಗ ದಾಟಿ ಹೋಗಿತ್ತು. ಮತ್ತೆ ಒತ್ತಿದ, ಮತ್ತೆ ಬಗ್ಗಿದ. ಒತ್ತಿದ, ಬಗ್ಗಿದ.

"ಬಗ್ಗಬೇಡ್ವೋ!" ನಿಂಗರಾಜಣ್ಣ ಹಲ್ಲು ಕಡಿದ. "ಇನ್ನೊಂದು ಸಲ ಬಗ್ಗಿದರೆ ನೀನು ಮನೆಗೆ!"

ಗವಿರಂಗನಿಗೆ ಪೀಕಲಾಟ. ಬಗ್ಗಿದರೆ ಆರ್ಕೆಸ್ಟ್ರಾ ಹೋಗ್ತದೆ, ಬಗ್ಗದಿದ್ದರೆ ವಿದ್ಯೆ ಹೋಗ್ತದೆ! ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿದ. ಕೊನೇ ಹಾಡು ಬಂತು. ಒತ್ತಿದ. ಗುರ್ರ್! ಒತ್ತಿದವನೇ ಬೆನ್ನು ನೆಟ್ಟಗಿಟ್ಟುಕೊಂಡು, ಗಿಟಾರು ಸಮೇತ, ಕಡಿದ ಮರದ ಹಾಗೆ ದಢಾರ್ ಅಂತ ಉದ್ದಕ್ಕೆ ಬಿದ್ದ. ಕೈ ಚಾಚಿ ಪೆಡಲು ಮುಟ್ಟಿ ಕಣ್ಣಿಗೊತ್ಕೊಂಡ. ಹೊಟ್ಟೆ ಕೆಳಗೆ ಸಿಕ್ಕಿದ ಗಿಟಾರು ಹುಚ್ಚೆದ್ದು ಕಿರುಚಿತು. ಮದುಮಗಳು ಕಿವಿ ಮುಚ್ಚಿಕೊಂಡಳು. ಯಾರೋ ಓಡಿ ಹೋಗಿ ಕರೆಂಟೇ ತೆಗೆದರು. ಚೆನ್ನಾಜಮ್ಮ ಹಣೆಹಣೆ ಚಚ್ಚಿಕೊಂಡಳು.

ಗವಿರಂಗ ಮಲಗಿದಲ್ಲಿಂದಲೇ ಕತ್ತೆತ್ತಿದ.

"ನೋಡಣ್ಣ! ಒಂಚೂರೂ ಬಗ್ಗಿಲ್ಲ!"